ಕೈವಾರದೊಳಗೆ ಬಿದ್ದ ಕೆರೆ

ಕಟಕಟ, ಕಟಕಟ, ನಡುವೆ ಒಂದು ಕಿರ್ರ್. ನನ್ನ ಲೇಡೀಸ್ ಸೈಕಲ್ಲಿನ ಚೈನ್‌ಕವರ್ ಸಡಿಲವಾಗಿ ಪೆಡಲಿಗೆ ಬಡಿಯುತ್ತಿದ್ದ ಸದ್ದು ಅದು. ಈಗಲೂ ಮಧ್ಯಾಹ್ನ ಮಂಪರು ಹತ್ತಿದಾಗ ಕಿವಿಯಲ್ಲಿ ಕೇಳಿಸುತ್ತದೆ. ಎದ್ದು ಕೂತು, ಇವತ್ತು ಯಾವ ಶಾಲೆಗೆ ಹೊರಟಿದ್ದೆ ಎಂದು ಒಂದು ಗಳಿಗೆ ಯೋಚಿಸುತ್ತೇನೆ. ಯಶವಂತಪುರದಿಂದ ಯಲಹಂಕದವರೆಗೆ, ಅಲ್ಲಿಂದ ಹೆಸರಘಟ್ಟದ ಕೆರೆಯ ಸುತ್ತಮುತ್ತ, ಇದ್ದಬದ್ದ ಪ್ರೈಮರಿ ಶಾಲೆಗಳಿಗೆಲ್ಲ ಆ ಸದ್ದು ಗೊತ್ತಿತ್ತು. ಊರಾಚೆ ಹುಣಸೆಮರದ ಹತ್ತಿರ ಕಟಕಟ ಕೇಳಿದರೆ ಸಾಕು, ಶಾಲೆಯೊಳಗೆ ಮಗ್ಗಿ ಶುರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಹದಿಮೂರರ ಮಗ್ಗಿ ಹೆಂಚು ಹಾರಿಸುವ ಮಟ್ಟ ಮುಟ್ಟಿರುತ್ತಿತ್ತು.

ಆಫೀಸಿನ ಜವಾನ ಒಂದು ದಿನ, "ಮೇಡಂ, ಒಂದ್ ಸ್ಕ್ರೂ ಹಾಕಿದ್ರೆ ನಿಂತೋಗುತ್ತೆ. ಹಾಕ್ಕೊಡ್ಲಾ?" ಎಂದ.

"ಬೇಡಪ್ಪ. ಕಳ್ಳರನ್ನ ಹಿಡಿಯೋಕೆ ಹೋಗೋ ಪೊಲೀಸ್ ಅಲ್ಲ ನಾನು. ಬರ್ತಿದ್ದೀನಿ ಅಂತ ಅವರಿಗೆ ಮೊದಲೇ ತಿಳೀಲಿ" ಎಂದೆ.

ಮಾತು ದೊಡ್ಡದೇ. ಅಂಥ ಮಾತಾಡಿದವಳೇ ಒಬ್ಬ ಟೀಚರನ್ನು ನೋಡದೆ, ಕೇಳದೆ, ಕುರ್ಚಿಯಲ್ಲಿ ಕೂತು ಎರಡು ಸಾಲು ಬರೆದು, ಆಕೆಯ ಶಾಲೆಯನ್ನೇ ಆಕೆಯ ಕೈಯಿಂದ ಕಿತ್ತುಕೊಳ್ಳುವ ಹಾಗೆ ಮಾಡಿದೆ. ಇದನ್ನು ಬರೆಯಲು ಕೂತಿರುವುದೇ ಅದನ್ನು ಹೇಳಲಿಕ್ಕೆ. ನನಗೆ ಯಾವ ಬಡ್ತಿ ಯಾವಾಗ ಬಂತು ಎಂಬುದು ಪೆನ್ಷನ್ ಪೇಪರಿನಲ್ಲಿದೆ, ಇಲ್ಲಿ ಅದರ ಗೊಡವೆ ಬೇಡ.

ಈಗ ಈ ಇಲಾಖೆಗೆ ಸೇರುತ್ತಿರುವ ನೀವು ಕ್ಲಸ್ಟರ್, ಬ್ಲಾಕ್, ರಿಸೋರ್ಸ್ ಪರ್ಸನ್ ಎಂದೆಲ್ಲ ಹೇಳುತ್ತೀರಿ. ಐವತ್ತರ ದಶಕದಲ್ಲಿ ಈ ಕೆಲಸಕ್ಕೆ ಅಂಥ ಹೆಸರುಗಳಿರಲಿಲ್ಲ. ನಾನು ಒಂದು ರೇಂಜಿನ, ಅಂದರೆ ಒಂದಷ್ಟು ಊರುಗಳ ಶಾಲೆಗಳ, ಇನ್‌ಸ್ಪೆಕ್ಟ್ರೆಸ್, ಹಳ್ಳಿಯವರ ಬಾಯಲ್ಲಿ ಇನ್‌ಸ್ಪೆಕ್ಟರಮ್ಮ. ಈಗ ಆರ್.ಟಿ. ನಗರ, ಗಂಗಾನಗರ, ಸಂಜಯನಗರ ಎಂದು ಬೋರ್ಡು ಬಿದ್ದಿರುವ ಕಡೆಯೆಲ್ಲ ಆಗ ರಾಗಿ ಹೊಲದ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿದ್ದೇನೆ. ಆ ಹೊಲದವರ ಮೊಮ್ಮಕ್ಕಳು ಈಗ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕಿದರೆ, "ನಮ್ಮಜ್ಜಿ ನಿಮ್ ಸೈಕಲ್ ವಿಷ್ಯ ಹೇಳ್ತಿದ್ರು ಆಂಟಿ" ಅನ್ನುತ್ತಾರೆ.

ನಾನು ಓದಿದ್ದು ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿಂದ ಎರಡು ಆಸ್ತಿ ತಂದಿದ್ದೆ: ಒಂದು ವಾಲದೆ ನೆಟ್ಟಗೆ ನಿಂತ ಕರ್ಸಿವ್ ಅಕ್ಷರ, ಇನ್ನೊಂದು ಜಾಮೆಟ್ರಿ ಬಾಕ್ಸು. ನಮಗೆ ಗಣಿತ ಹೇಳಿಕೊಟ್ಟ ಸಿಸ್ಟರ್, ನೀಟಾಗಿ ಮಾಡಿದ ಲೆಕ್ಕ ಅರ್ಧ ಸರಿಯಾದ ಹಾಗೆ ಎನ್ನುತ್ತಿದ್ದರು. ನಾನು ಅದನ್ನು ಬಹಳ ವರ್ಷ ನಂಬಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಬ್ಬಾಳದ ಕಡೆಯ ಒಂದು ಶಾಲೆಯಲ್ಲಿ ಮಾದರಿ ಪಾಠ ಕೊಟ್ಟೆ. ಕಾನ್ವೆಂಟಿನ ಆ್ಯಕ್ಷನ್ ಸಾಂಗ್ ಒಂದಕ್ಕೆ ಕನ್ನಡ ಮಾತು ಕೂಡಿಸಿ, ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ಹಕ್ಕಿ ಮಾಡಿ ರೆಕ್ಕೆ ಬಡಿಸಿದೆ. ಮಕ್ಕಳು ಖುಷಿಯಲ್ಲಿ ಕಿರುಚಾಡಿದವು. ಪೇಟ ಸುತ್ತಿದ್ದ ಮುದಿ ಮೇಷ್ಟ್ರು ಕೊನೆಯವರೆಗೂ ಕೈ ಕಟ್ಟಿ ನೋಡಿದರು.

"ಪಾಠ ಬಹಳ ಚೆನ್ನಾಗಿತ್ತು ಮೇಡಂ. ಆದ್ರೆ ನನ್ನ ಹತ್ರ ಒಂದೇ ರೂಮಲ್ಲಿ ನಾಲ್ಕು ಕ್ಲಾಸಿದೆ. ಒಂದು ಕ್ಲಾಸು ಹಕ್ಕಿ ಆದಾಗ ಮಿಕ್ಕ ಮೂರು ಏನಾಗ್ಬೇಕು? ಮರ ಆಗಿ ನಿಂತ್ಕೊಳ್ಳಿ ಅನ್ಲಾ?"

ಅವತ್ತು ಹಿಂದಿರುಗುವಾಗ ಸೈಕಲ್ ಮೇಲೆಯೇ ಒಂದು ನಿಶ್ಚಯ ಮಾಡಿದೆ. ಇನ್ನು ಮೇಲೆ ಯಾವ ಮಾದರಿ ಪಾಠವೂ ಒಂದೇ ಕ್ಲಾಸಿಗೆ ಇರಕೂಡದು. ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು, ಒಂದೇ ಬೋರ್ಡು, ಅದರೊಳಗೇ ಮಾಡಿ ತೋರಿಸಬೇಕು. ಇದೊಂದನ್ನು ಮಾತ್ರ ಕೊನೆಯವರೆಗೆ ಪಾಲಿಸಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಐವತ್ತರ ದಶಕದ ಕೊನೆಯ ಭಾಗದಲ್ಲಿ ಆಫೀಸಿಗೆ ಒಂದು ಹೊಸ ಸ್ಕೀಮು ಬಂತು. ಅಕ್ಕಪಕ್ಕದ ಶಾಲೆಗಳನ್ನು ಗುಂಪು ಮಾಡಬೇಕು, ಗುಂಪಿಗೊಂದು ಸೆಂಟರ್ ಸ್ಕೂಲ್. ಅಲ್ಲಿಯ ಹೆಡ್‌ಮಾಸ್ಟರೇ ಆ ಗುಂಪಿನ ಟೀಚರುಗಳಿಗೆಲ್ಲ ಮುಂದಾಳು. ತಿಂಗಳಿಗೊಂದು ಶನಿವಾರ ಎಲ್ಲರೂ ಅಲ್ಲಿ ಸೇರಿ ಮಾದರಿ ಪಾಠ ನೋಡಬೇಕು. ಪಾಠ ಕೊಡಲು ಟ್ರೈನಿಂಗ್ ಆದ ಆರು ಜನ ಡೆಮಾನ್‌ಸ್ಟ್ರೇಷನ್ ಟೀಚರುಗಳನ್ನು ನನ್ನ ರೇಂಜಿಗೆ ಕೊಟ್ಟರು. ಯಾವ ಕಡೆಗೆ ಯಾರು, ಯಾವ ಶಾಲೆ ಯಾವ ಗುಂಪಿಗೆ ಎಂದು ಹಂಚುವ ಕೆಲಸ ನನ್ನದು.

ಹಂಚುವುದು ಎಂದರೆ ಏನೆಂದು ಆಗ ಗೊತ್ತಾಯಿತು. ಆರು ಜನರ ಮನೆಯೂ ಸಿಟಿಯಲ್ಲಿ. ಬಸ್ಸು ಬಂದು ನಿಲ್ಲುವ ಕಡೆಗೆ ಆರೂ ಜನ ತಯಾರು, ಬಸ್ಸು ಮುಗಿದ ಮೇಲೆ ನಡೆಯಬೇಕಾದ ಕಡೆಗೆ ಒಬ್ಬರೂ ಇಲ್ಲ. ಒಬ್ಬರಿಗೆ ಸೊಂಟನೋವು. ಇನ್ನೊಬ್ಬರು, ಶ್ರೀಕಂಠಯ್ಯ ಎಂದು, ಬಹಳ ಗಂಭೀರವಾಗಿ, "ಯಲಹಂಕ ದಾಟಿ ಹೋಗಕೂಡದು ಅಂತ ನಮ್ಮ ಮನೆಯವಳು ಹೇಳಿದಾಳೆ ಮೇಡಂ" ಎಂದರು.

"ದಾಟಿದರೆ ಏನಾಗುತ್ತಂತೆ?"

"ಅದನ್ನ ಅವಳು ಹೇಳಿಲ್ಲ. ಕೇಳೋ ಧೈರ್ಯ ನನಗಿಲ್ಲ."

ನಕ್ಕುಬಿಟ್ಟೆ, ನಕ್ಕು ಒಪ್ಪಿಕೊಂಡೆ. ಅದು ಮೊದಲನೇ ತಪ್ಪು. ಪಾಠ ಕೊಡುವವರು ದೂರ ಹೋಗುವುದು ಬೇಡ, ದೂರದ ಟೀಚರುಗಳೇ ಸೆಂಟರಿಗೆ ಬರಲಿ ಎಂದು ಬರೆದೆ.

ಎರಡನೇ ತಪ್ಪು ಇನ್ನೂ ನೀಟಾದದ್ದು. ಬೇಸಿಗೆ ರಜೆಯಲ್ಲಿ, ಆಫೀಸು ತಣ್ಣಗಿದ್ದಾಗ, ತಾಲ್ಲೂಕಿನ ಮ್ಯಾಪನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಂಕ್ ಬಾಟ್ಲಿ ಇಟ್ಟೆ. ಜಾಮೆಟ್ರಿ ಬಾಕ್ಸಿನ ಕೈವಾರ ತೆಗೆದು, ಪ್ರತಿ ಸೆಂಟರ್ ಸ್ಕೂಲಿನ ಮೇಲೆ ಮುಳ್ಳೂರಿ, ಮೂರು ಮೈಲಿಗೆ ಒಂದೊಂದು ವೃತ್ತ ಎಳೆದೆ. ವೃತ್ತದೊಳಗೆ ಬಿದ್ದ ಶಾಲೆಗಳೆಲ್ಲ ಆ ಸೆಂಟರಿಗೆ. ಹೆಸರಘಟ್ಟ ಕೆರೆಯ ಆಚೆ ದಡದ ಒಂದು ಸಣ್ಣ ಶಾಲೆ ವೃತ್ತದ ಒಳಗೇ ಸೊಗಸಾಗಿ ಬಿತ್ತು. ಸೆಂಟರಿನಿಂದ ಎರಡು ಮೈಲಿ ಅಷ್ಟೆ. ಮ್ಯಾಪಿನಲ್ಲಿ ಅಲ್ಲಿಗೆ ಕಾಲುದಾರಿಯ ಚುಕ್ಕಿಗೆರೆಯೂ ಇತ್ತು. ಆ ಊರಿನವರಿಗೆ ಮುಜುಗರ ಬೇಡವೆಂದು ಅದನ್ನು ಕೆರೆಯಾಚೆ ಶಾಲೆ ಎಂದಷ್ಟೇ ಕರೆಯುತ್ತೇನೆ.

ನಮ್ಮ ಡೆಪ್ಯುಟಿ ಸಾಹೇಬರು ಅನಂತಯ್ಯನವರು ಮ್ಯಾಪನ್ನು ಬೆಳಕಿಗೆ ಹಿಡಿದು, "ಬ್ಯೂಟಿಫುಲ್ ಕಣ್ರೀ! ಪಾತ್ರೆ ಅಂಗಡೀಲಿ ತಟ್ಟೆ ಜೋಡಿಸಿದ ಹಾಗಿದೆ" ಎಂದರು. ಆ ದಿನ ಮನೆಗೆ ಹೋಗುವಾಗ ನನ್ನ ಕಾಲು ನೆಲ ಮುಟ್ಟಲಿಲ್ಲ.

ಕೆರೆಯಾಚೆ ಶಾಲೆಯಲ್ಲಿ ಒಬ್ಬರೇ ಟೀಚರ್, ಸಿದ್ದಗಂಗಮ್ಮ. ಲೋಯರ್ ಸೆಕೆಂಡರಿ ಪಾಸು, ಟ್ರೈನಿಂಗ್ ಆಗಿರಲಿಲ್ಲ. ಶಾಲೆಯ ಹೆಡ್ ಚಾರ್ಜು ಆಕೆಯದೇ. ಜೂನ್, ಜುಲೈ ಎರಡೂ ಸಭೆಗೆ ಹತ್ತು ಗಂಟೆಗೆ ಸರಿಯಾಗಿ ಬಂದಿದ್ದಳು. ಆಮೇಲಿನ ಮೂರು ತಿಂಗಳ ರಿಜಿಸ್ಟರ್ ಹೀಗಿತ್ತು: ಲೇಟ್, ಲೇಟ್, ಗೈರುಹಾಜರಿ. ಸೆಂಟರಿನ ಹೆಡ್‌ಮಾಸ್ಟರ್ ನಾರಾಯಣಪ್ಪನವರು ಮೂರನ್ನೂ ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದರು. ನನ್ನ ರೇಂಜಿನಲ್ಲಿ ನಾನು ಅಲ್ಲಿಯವರೆಗೆ ಹೋಗದೆ ಉಳಿದ ಒಂದೇ ಶಾಲೆ ಅದು. ಆದರೂ ತಿಂಗಳ ವರದಿಯಲ್ಲಿ, ನನ್ನ ಆ ನೆಟ್ಟನೆಯ ಇಂಗ್ಲಿಷ್ ಅಕ್ಷರದಲ್ಲಿ, ಈಕೆಯಲ್ಲಿ ಮುಂದಾಳುತನವಿಲ್ಲ, ಟ್ರೈನಿಂಗಿನಲ್ಲಿ ಆಸಕ್ತಿಯೂ ಇಲ್ಲ ಎಂದು ಎರಡು ಸಾಲು ಬರೆದೆ. ಬರೆದು ಬ್ಲಾಟಿಂಗ್ ಪೇಪರ್ ಒತ್ತಿದೆ, ಮರೆತೆ.

ಆಫೀಸು ಮರೆಯುವುದಿಲ್ಲ. ನವೆಂಬರಿನಲ್ಲಿ ಆರ್ಡರ್ ಬಂತು. ಸಿದ್ದಗಂಗಮ್ಮ ಹದಿನೈದು ದಿನದೊಳಗೆ ಚಾರ್ಜು ಬಿಟ್ಟುಕೊಟ್ಟು ಯಶವಂತಪುರದ ಒಂದು ಶಾಲೆಗೆ ಅಸಿಸ್ಟೆಂಟಾಗಿ ಹೋಗಬೇಕು. ಆಕೆಯ ಜಾಗಕ್ಕೆ ಸಿಟಿಯಿಂದ ಟ್ರೈನಿಂಗ್ ಆದ ಮೇಷ್ಟ್ರೊಬ್ಬರು. ಹ್ಯಾಂಡಿಂಗ್ ಓವರ್ ನಾನೇ ನಿಂತು ಮಾಡಿಸಬೇಕು.

ಮ್ಯಾಪನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಹೊರಟೆ. ಸೆಂಟರಿನಿಂದ ಚುಕ್ಕಿಗೆರೆಯ ಮೇಲೇ ಸೈಕಲ್ ಬಿಟ್ಟೆ. ಹೊಲ ದಾಟಿತು, ಜಾಲಿ ಮರಗಳು ದಾಟಿದವು, ದಾರಿ ಇಳಿಜಾರಾಯಿತು. ನೋಡುತ್ತಿದ್ದ ಹಾಗೇ ಮುಂದಿನ ಚಕ್ರ ನೀರಿಗಿಳಿಯಿತು. ಮುಂದೆ ಕಣ್ಣು ಹಾಯುವಷ್ಟು ದೂರ ಬರೀ ಕೆರೆ.

ದಡದ ಕಲ್ಲಿನ ಮೇಲೆ ಒಬ್ಬ ಯಜಮಾನರು ಕೂತು ಎಮ್ಮೆ ಕಾಯುತ್ತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿ.

"ಯಾರವ್ವ ಅದು? ಸೈಕಲ್ ತೊಳ್ಯಾಕ್ ಬಂದ್ರಾ?"

"ಆಚೆ ಊರಿನ ಶಾಲೆಗೆ ಹೋಗ್ಬೇಕಿತ್ತು. ದಾರಿ ಇದೇ ಅಲ್ವಾ?"

"ದಾರಿ ಇದೇಯ. ಆದ್ರೆ ನೀವು ಯುಗಾದಿ ಒತ್ಗೆ ಬರ್ಬೇಕಿತ್ತು. ಈಗ ಅದು ಎರಡಾಳು ಕೆಳಗೈತೆ."

ಮ್ಯಾಪ್ ತೆಗೆದು ತೋರಿಸಿದೆ. ಅವರಿಗೆ ಓದು ಬರದು. ಆದರೆ ಕೆರೆ ಯಾವುದು, ಏರಿ ಯಾವುದು ಎಂದು ಬೆರಳಿಟ್ಟು ಹೇಳಿದ ಮೇಲೆ ಚುಕ್ಕಿಗೆರೆಯನ್ನು ಉಗುರಿನಲ್ಲಿ ಸವರಿ ನೋಡಿದರು.

"ಈ ಗೆರೆ ಇಡ್ಕಂಡ್ ಓಗ್ಬೇಕಂದ್ರೆ ಮೀನಾಗಿ ಉಟ್ಟಿರ್ಬೇಕು ಕಣವ್ವ." ಆಮೇಲೆ ನನ್ನ ಸೈಕಲ್ ಕಡೆ, ಚೈನ್‌ಕವರ್ ಕಡೆ ನೋಡಿ ಎದ್ದು ನಿಂತರು. ದನಿ ಬದಲಾಯಿತು. "ಓ, ನಮ್ ಟೀಚರಮ್ಮುನ್ನ ತಗ್ಸಾಕ್ ಬಂದಿರೋ ಇನ್‌ಸ್ಪೆಕ್ಟರಮ್ಮ ನೀವೇಯಾ?"

ಅವರು ಆಚೆ ಊರಿನ ಪಟೇಲರು. ನಾನು ಹೌದೆಂದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

"ಸೈಕಲ್ ಇಲ್ಲೇ ಒರಗ್ಸಿ, ಈ ದಡ್ದಾಗೆ ನಮ್ ಮಗ್ಳ ಮನೆ ಐತೆ, ಎಮ್ಮೆ ಜತೆ ಅದನ್ನೂ ನೋಡ್ಕಂತಾರೆ. ಆಯಮ್ಮ ನಡ್ಯೋ ದಾರೀಲೇ ಕರ್ಕಂಡೋಗ್ತೀನಿ. ಒಂದ್ಸಾರಿ ನಡ್ದು ನೋಡಿ, ಆಮ್ಯಾಕೆ ಏನ್ ಬೇಕಾದ್ರೂ ಬರ್ಕಳಿ."

ಕೆರೆ ಏರಿ, ಕೋಡಿಯ ಕಲ್ಲುಗಳು, ಮುಳ್ಳಿನ ಪೊದೆಯ ನಡುವೆ ಒಬ್ಬರೇ ಹೋಗುವಷ್ಟು ಜಾಗ, ಒಂದು ಹಳ್ಳ, ಮತ್ತೆ ಹೊಲ. ನನ್ನ ಕಾನ್ವೆಂಟ್ ಷೂಗಳನ್ನು ಹಳ್ಳದಲ್ಲೇ ಕೈಗೆ ತೆಗೆದುಕೊಂಡೆ. ಪಟೇಲರು ಹಿಂದೆ ತಿರುಗಿ ನೋಡದೆ ನಡೆದರು. ಶಾಲೆಯ ಜಗಲಿಗೆ ಬಂದಾಗ ವಾಚು ನೋಡಿಕೊಂಡೆ. ನಡೆದದ್ದು ಎರಡು ಗಂಟೆ ಹತ್ತು ನಿಮಿಷ. ನನ್ನ ಮ್ಯಾಪಿನ ಎರಡು ಮೈಲಿ.

ಚೈನ್‌ಕವರ್ ಸದ್ದಿಲ್ಲದೆ ನಾನು ಹೋದ ಮೊದಲ ಶಾಲೆ ಅದೇ ಇರಬೇಕು. ಒಳಗೆ ಮಗ್ಗಿ ಇರಲಿಲ್ಲ. ಜಗಳವಿತ್ತು.

ನಾಲ್ಕು ಕ್ಲಾಸಿನ ಮಕ್ಕಳೂ ನೆಲದ ಮೇಲೆ ಗುಂಡಗೆ ಕೂತಿದ್ದವು. ನಡುವೆ ಒಂದು ಕೊಡ ನೀರು. ಪ್ರತಿ ಮಗುವಿನ ಮುಂದೆಯೂ ಮನೆಯಿಂದ ತಂದ, ಧಾನ್ಯ ಅಳೆಯುವ ಒಂದೊಂದು ಪಾವು. ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಪಾವಿನಲ್ಲಿ ನೀರು ತುಂಬಿ ಪಕ್ಕದವಳ ಪಾವಿಗೆ ಸುರಿದಳು. ನೀರು ಹೊರಗೆ ಚೆಲ್ಲಿತು.

"ನಿಮ್ಮನೆ ಪಾವು ಚಿಕ್ಕದು ಕಣೇ!"

"ನಿಮ್ಮನೇದೇ ದೊಡ್ಡದು!"

ಮೂಲೆಯಿಂದ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮಜ್ಜಿ ತಾವ ಎರಡ್ ಪಾವೈತೆ. ಕೊಡಾಕ್ ಒಂದು, ಈಸ್ಕಣಾಕ್ ಒಂದು" ಎಂದಳು. ಬಾಗಿಲಲ್ಲಿ ನಿಂತಿದ್ದ ಪಟೇಲರು ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕರು. ಆ ಅಜ್ಜಿ ಅವರ ಮನೆಯವರೇ ಎಂದು ಆಮೇಲೆ ಗೊತ್ತಾಯಿತು.

ಟೀಚರ್ ಜಗಳವನ್ನು ನಿಲ್ಲಿಸಲಿಲ್ಲ, ಚೆನ್ನಾಗಿ ಕಾವೇರಲು ಬಿಟ್ಟಳು. ಮಕ್ಕಳು ಇನ್ನೇನು ಜಡೆಗೆ ಕೈ ಹಾಕಬೇಕು, ಆಗ ಮೇಜಿನ ಕೆಳಗಿನಿಂದ ಹಾಲಿನ ಡಿಪೋದವರ ಹತ್ತಿರ ಕೇಳಿ ತಂದಿದ್ದ ಒಂದು ಹೊಸ ಅಳತೆ ಪಾತ್ರೆ ತೆಗೆದು ನಡುವೆ ಇಟ್ಟಳು.

"ಇದು ಯಾರ ಮನೇದೂ ಅಲ್ಲ. ಅದಕ್ಕೇ ಎಲ್ಲರ ಮನೇದೂ ಹೌದು. ಇದರ ಹೆಸರು ಲೀಟರ್."

ಮೆಟ್ರಿಕ್ ಅಳತೆ ಆಗತಾನೇ ಬಂದ ಕಾಲ. ಇಡೀ ರೇಂಜಿನಲ್ಲಿ ಮೇಷ್ಟ್ರುಗಳೆಲ್ಲ ಒಂದು ಲೀಟರಿಗೆ ಸಾವಿರ ಮಿಲಿಲೀಟರ್ ಎಂದು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ಡೆಮಾನ್‌ಸ್ಟ್ರೇಷನ್ ಪಾಠ ಕೂಡ ಹಾಗೇ ಇತ್ತು. ಅಂಥದೊಂದು ಅಳತೆ ಜನಕ್ಕೆ ಯಾಕೆ ಬೇಕು ಎಂಬುದನ್ನು ನಾನು ಮೊದಲ ಸಲ ಆ ನೆಲದ ಮೇಲೆ ಕಂಡೆ.

ಊಟದ ಬೆಲ್ ಆದ ಮೇಲೆ ಆಕೆ ನನಗೆ ಕುರ್ಚಿ ಕೊಟ್ಟು ತಾನು ನಿಂತೇ ಇದ್ದಳು. ಇಪ್ಪತ್ತೈದರ ಸುಮಾರು ವಯಸ್ಸು, ಸಣ್ಣ ದೇಹ, ಹರಿದು ಹೊಲಿದ ಚಪ್ಪಲಿ. ಸಾಮಾನು ಒಪ್ಪಿಸುವ ಚಾರ್ಜ್ ಪಟ್ಟಿಯನ್ನು ಮೊದಲೇ ಬರೆದಿಟ್ಟಿದ್ದಳು. ಬೋರ್ಡು ಒಂದು, ಗಡಿಯಾರ ಒಂದು, ಕೊಡ ಒಂದು.

"ಈ ಪಾಠ ಎಲ್ಲಿ ನೋಡಿದ್ರಿ?" ಎಂದೆ.

"ಸೆಂಟರಲ್ಲೇ ಮೇಡಂ. ಪೂರ್ತಿ ನೋಡ್ಲಿಲ್ಲ. ಕೆರೆ ತುಂಬಿದ್ಮೇಲೆ ನಾನು ಹೋಗೋ ಹೊತ್ಗೆ ಮುಗಿದೋಗಿರ್ತಿತ್ತು. ಬೋರ್ಡು ಒರೆಸೋದ್ರೊಳಗೆ ಬರ್ಕೊಂಡ್ಬಿಡ್ತಿದ್ದೆ."

ನೋಟ್‌ಬುಕ್ ತೆಗೆದು ತೋರಿಸಿದಳು. ಬಲಗಡೆ ಪುಟದಲ್ಲಿ ಬೋರ್ಡಿನ ಮೇಲೆ ಕೊನೆಗೆ ಉಳಿದಿದ್ದ ಸಾಲುಗಳು. ಎಡಗಡೆ ಪುಟ ತುಂಬ ಆಕೆಯದೇ ಒತ್ತೊತ್ತಾದ ಬರಹ.

"ಶುರು ಹೆಂಗಿತ್ತೋ ಗೊತ್ತಾಗ್ತಿರಲಿಲ್ಲ. ಅದಕ್ಕೆ ನಾನೇ ಒಂದು ಶುರು ಮಾಡ್ಕೊಂಡೆ. ತಪ್ಪಿದ್ರೆ ಹೇಳಿ, ತಿದ್ಕೋತೀನಿ."

"ಅಕ್ಟೋಬರಲ್ಲಿ ಬರಲೇ ಇಲ್ಲವಲ್ಲ?"

"ಅವತ್ತು ಕೆರೆ ಕೋಡಿ ಬಿದ್ದಿತ್ತು. ಕಲ್ಲಿನ ತನಕ ಹೋದೆ, ಸೊಂಟದ ಮಟ್ಟ ನೀರಿತ್ತು. ವಾಪಸ್ ಬಂದು ಸ್ಕೂಲ್ ತೆಗೆದೆ. ಮಕ್ಕಳು ಹೆಂಗೂ ಇದ್ವಲ್ಲ."

"ಇದನ್ನ ಯಾರಿಗಾದರೂ ಹೇಳಬೇಕಿತ್ತಮ್ಮ."

ಆಕೆ ಮೊದಲ ಸಲ ನನ್ನ ಮುಖ ನೋಡಿದಳು. "ರಿಜಿಸ್ಟ್ರಲ್ಲಿ ಲೇಟ್ ಅಂತ ಬರೆಯೋಕೆ ಕಾಲಂ ಇತ್ತು ಮೇಡಂ. ಯಾಕೆ ಅಂತ ಬರೆಯೋಕೆ ಇರಲಿಲ್ಲ."

ಪಟೇಲರು ಜಗಲಿಯಿಂದಲೇ ಹೇಳಿದರು, "ಯಶ್ವಂತ್‌ಪುರಕ್ಕೆ ಆಕಿದ್ರೆ ಅವರತ್ತೆ ಕಳ್ಸಾಕಿಲ್ಲ. ಕೆಲ್ಸ ಬಿಡುಸ್ತಾರೆ. ಈಯಮ್ಮ ಒಂಟೋದ್ರೆ ಎಣ್ ಮಕ್ಳನ್ನ ನಾವೂ ಕಳ್ಸಾಕಿಲ್ಲ, ಇದು ನನ್ ಮಾತು." ಬೆದರಿಕೆಯಂತೆ ಅಲ್ಲ, ಹವಾಮಾನ ಹೇಳುವ ಹಾಗೆ ಹೇಳಿದರು.

ಚಾರ್ಜ್ ಪಟ್ಟಿಯನ್ನು ಮಡಿಸಿ ಆಕೆಗೇ ಹಿಂದಕ್ಕೆ ಕೊಟ್ಟೆ. "ಇದು ನಿಮ್ಮ ಹತ್ರಾನೇ ಇರಲಿ" ಎಂದೆ. ಹಾಗೆ ಹೇಳಲು ನನಗೆ ಅಧಿಕಾರವಿರಲಿಲ್ಲ.

ಮರುದಿನ ಬೆಳಿಗ್ಗೆ ಅನಂತಯ್ಯನವರ ರೂಮಿನ ಮುಂದೆ ನಿಂತಿದ್ದೆ. ಅವರು ಕೆಟ್ಟವರಲ್ಲ, ಆದರೆ ಫೈಲಿನ ಮನುಷ್ಯ.

"ಸರ್, ಕೆರೆಯಾಚೆ ಶಾಲೆ ಆರ್ಡರ್ ಕ್ಯಾನ್ಸಲ್ ಆಗ್ಬೇಕು."

"ಯಾರ ರಿಪೋರ್ಟ್ ಮೇಲೆ ಆಗಿರೋ ಆರ್ಡರ್ ಅದು?"

"ನನ್ನದೇ."

ಅವರು ನಶ್ಯದ ಡಬ್ಬಿ ತೆಗೆದು, ಮುಚ್ಚಿ, ಮತ್ತೆ ತೆಗೆದರು. "ಹಾಗಾದ್ರೆ ತಪ್ಪು ಯಾರದು? ಆಯಮ್ಮಂದಾ, ನಿಮ್ಮದಾ?"

"ನನ್ನದು ಸರ್."

"ಆ ಮ್ಯಾಪನ್ನ ಮೇಲಿನವರಿಗೆಲ್ಲ ತೋರಿಸಿ ಬಂದಿದ್ದೀನಿ ಕಣ್ರೀ ನಾನು! ಬಾಯಲ್ಲಿ ಹೇಳಿದ್ರೆ ಆರ್ಡರ್ ಕ್ಯಾನ್ಸಲ್ ಆಗಲ್ಲ. ಬರೆದು ಕೊಡ್ತೀರಾ? ಬರೆದ್ರೆ ಅದು ನಿಮ್ಮ ಕಾನ್ಫಿಡೆನ್ಷಿಯಲ್ ರಿಪೋರ್ಟ್ ಜೊತೆ ಇರುತ್ತೆ. ನಾನು ರಿಟೈರ್ ಆದ್ರೂ ಅದು ರಿಟೈರ್ ಆಗಲ್ಲ. ಯೋಚನೆ ಮಾಡಿ."

"ಪೇಪರ್ ಕೊಡಿ ಸರ್."

ಅಲ್ಲೇ ನಿಂತು ಬರೆದೆ. ಇಂಗ್ಲಿಷಿನಲ್ಲಿ ಬರೆಯಲಿಲ್ಲ. ಯಾರ ವಿಷಯ ಬರೆದಿದ್ದೇನೋ ಆಕೆ ಓದುವ ಹಾಗಿರಬೇಕು ಎನ್ನಿಸಿತು. ಆಫೀಸಿನ ಕಾಗದದ ಮೇಲೆ ನಾನು ಕನ್ನಡದಲ್ಲಿ ಬರೆದ ಮೊದಲ ವಿವರಣೆ ಅದು. ಶಾಲೆಗೆ ಹೋಗದೆ ವರದಿ ಬರೆದದ್ದು ನನ್ನ ತಪ್ಪು, ಬೇಸಿಗೆಯ ಕಾಲುದಾರಿಯನ್ನು ವರ್ಷವಿಡೀ ಇರುವ ದಾರಿ ಎಂದು ತಿಳಿದದ್ದು ನನ್ನ ತಪ್ಪು, ಕೆರೆ ತುಂಬಿದ ಮೇಲೆ ಆ ಟೀಚರು ಸಭೆಗೆ ಹೋಗಿ ಬರಲು ನಾಲ್ಕು ಗಂಟೆಗೂ ಹೆಚ್ಚು ಕಾಲ ನಡೆದಿದ್ದಾರೆ, ಮುಂದಾಳುತನವಿಲ್ಲ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಇಷ್ಟೇ. ಅಕ್ಷರ ಎಂದಿನಷ್ಟು ನೀಟಾಗಿ ಬರಲಿಲ್ಲ.

ಅನಂತಯ್ಯನವರು ಎರಡು ಸಲ ಓದಿದರು. "ಆರ್ಡರ್ ನಿಲ್ಲಿಸ್ತೀನಿ. ಆದ್ರೆ ಟ್ರೈನಿಂಗ್ ಆಗದೆ ಹೆಡ್ ಚಾರ್ಜು ಎಷ್ಟು ದಿನ ಕೊಡೋಕಾಗುತ್ತೆ?"

"ಟ್ರೈನಿಂಗಿಗೆ ಕಳಿಸಿ ಸರ್. ಮುಗಿಸಿಕೊಂಡು ಅದೇ ಶಾಲೆಗೆ ವಾಪಸ್ ಅಂತ ಈಗಲೇ ಬರೆದು ಕಳಿಸಿ."

"ಅಲ್ಲೀತನಕ ಶಾಲೆ?"

"ಶ್ರೀಕಂಠಯ್ಯನವರು ನೋಡ್ಕೋತಾರೆ."

"ಅವರ ಮನೆಯವರು ಬಿಡ್ತಾರಾ?"

"ನಾನೇ ಹೋಗಿ ಕೇಳ್ತೀನಿ ಸರ್."

ಕೇಳಿದೆ. ಆ ಪುಣ್ಯಾತ್ಗಿತ್ತಿ ಕಾಫಿ ಕೊಟ್ಟು, ತಾನು ಯಲಹಂಕದ ವಿಷಯ ಯಾವತ್ತೂ ಎತ್ತೇ ಇಲ್ಲ ಎಂದಳು. ಶ್ರೀಕಂಠಯ್ಯನವರು ಹಿತ್ತಲಿಗೆ ಎದ್ದು ಹೋದರು. ಒಂದು ವರ್ಷ ಕೆರೆಯಾಚೆ ಶಾಲೆ ನಡೆಸಿ, ಆರು ಜನರಲ್ಲಿ ಎಲ್ಲರಿಗಿಂತ ಒಳ್ಳೆಯ ಪಾಠ ಕೊಡುವವರಾಗಿ ವಾಪಸ್ ಬಂದರು. ಸಿದ್ದಗಂಗಮ್ಮನ ಅತ್ತೆಯನ್ನು ಪಟೇಲರು ಒಪ್ಪಿಸಿದರು. ಹೇಗೆ ಎಂದು ನನಗೆ ಹೇಳಲಿಲ್ಲ.

ನನ್ನ ವಿವರಣೆಯ ಒಂದು ನಕಲನ್ನು ಕೆರೆಯಾಚೆ ಶಾಲೆಯ ಲಾಗ್ ಬುಕ್ಕಿಗೆ ಸ್ವತಃ ಹೋಗಿ ಬರೆದು ಬಂದೆ. ಆಮೇಲೆ ಮ್ಯಾಪನ್ನು ಮತ್ತೆ ಹಾಸಿದೆ. ಕೈವಾರ ಮುಟ್ಟಲಿಲ್ಲ. ಪ್ರತಿ ಶಾಲೆಗೂ ಹೋಗಿ ಒಂದೇ ಪ್ರಶ್ನೆ: ಮಳೆಗಾಲದಲ್ಲಿ ಇಲ್ಲಿಂದ ಸೆಂಟರಿಗೆ ಎಷ್ಟು ಹೊತ್ತು, ಬೇಸಿಗೆಯಲ್ಲಿ ಎಷ್ಟು ಹೊತ್ತು? ಬಹಳ ಜನರ ಹತ್ತಿರ ವಾಚಿರಲಿಲ್ಲ. ಆದರೆ ಒಂದು ಪೀರಿಯಡ್ ಎಂದರೆ ಎಷ್ಟು ಎಂಬುದು ಮೇಷ್ಟ್ರುಗಳ ಮೈಯಲ್ಲೇ ಇರುತ್ತದೆ. ಎರಡು ಪೀರಿಯಡ್ ದೂರ, ಮೂರು ಪೀರಿಯಡ್ ದೂರ ಎಂದು ಮ್ಯಾಪಿನ ಮೇಲೆ ಬರೆಯುತ್ತಾ ಹೋದೆ. ನನ್ನ ದುಂಡನೆಯ ತಟ್ಟೆಗಳೆಲ್ಲ ಸೊಟ್ಟಗಾದವು. ನಾಲ್ಕು ಪೀರಿಯಡ್ಡಿಗಿಂತ ದೂರದ ಶಾಲೆಗಳಿದ್ದ ಕಡೆಗೆ ಡೆಮಾನ್‌ಸ್ಟ್ರೇಷನ್ ಟೀಚರೇ ಹೋಗಬೇಕೆಂದು ಬರೆದೆ. ಸೊಂಟನೋವಿನವರು ಅರ್ಜಿ ಹಾಕಿದರು. ನಾನು ಡಾಕ್ಟರ್ ಸರ್ಟಿಫಿಕೇಟ್ ಕೇಳಿದೆ, ನೋವು ಹೋಯಿತು.

ಇನ್ನೊಂದು ನಿಯಮವನ್ನೂ ಮಾಡಿದೆ. ಹತ್ತು ಗಂಟೆಗೆ ಸಭೆ ಎಂಬುದನ್ನು ಹೊಡೆದುಹಾಕಿ, ಎಲ್ಲಕ್ಕಿಂತ ದೂರದಿಂದ ಬರುವ ಟೀಚರು ಬಂದು, ಕೂತು, ನೀರು ಕುಡಿದ ಮೇಲೆ ಪಾಠ ಆರಂಭ ಎಂದು ಬರೆದೆ. ಕೆಂಪು ಇಂಕಿನ ನಾರಾಯಣಪ್ಪನವರು ಸುಮ್ಮನಿರಲಿಲ್ಲ.

"ಹೀಗೆ ಎಲ್ರಿಗೂ ಕಾಯ್ತಾ ಕೂತ್ರೆ ಶಿಸ್ತು ಅನ್ನೋದು ಎಲ್ಲಿ ಉಳಿಯುತ್ತೆ ಮೇಡಂ?"

"ಬಸ್‌ಸ್ಟಾಪ್ ಪಕ್ಕ ಮನೆ ಇರೋರಿಗೆ ಶಿಸ್ತು ಸುಲಭ ಮೇಷ್ಟ್ರೇ. ನನಗೂ ಸುಲಭವಾಗಿತ್ತು."

ಎಲ್ಲವನ್ನೂ ಸರಿಪಡಿಸಿದೆ ಎಂದು ಯಾರೂ ತಿಳಿಯಬೇಡಿ. ಹಳೆಯ ರಿಜಿಸ್ಟರುಗಳಲ್ಲಿ ಕೆಂಪು ಇಂಕು ಬಿದ್ದವರನ್ನೆಲ್ಲ ಹುಡುಕಿಕೊಂಡು ಹೋದಾಗ, ಯಲಹಂಕದಾಚೆಯ ಒಬ್ಬ ಮೇಷ್ಟ್ರು ಅಷ್ಟರಲ್ಲೇ ರಾಜೀನಾಮೆ ಕೊಟ್ಟು ಹೊಲಕ್ಕೆ ಮರಳಿದ್ದರು. "ಇನ್ನು ಯಾಕೆ ಬಿಡಿ ಮೇಡಂ" ಎಂದು ನನಗೆ ಎಳೆಯ ಸೌತೆಕಾಯಿ ಕಿತ್ತು ಕೊಟ್ಟರು. ತಿನ್ನಲು ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ಆ ಬಳಿಕ ನನ್ನ ರೇಂಜಿನ ರಿಜಿಸ್ಟರುಗಳಲ್ಲೆಲ್ಲ ಲೇಟ್ ಎಂಬ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಗೆರೆ ಎಳೆಸಿದೆ: ಯಾಕೆ. ಈಗ ಕೆಲಸಕ್ಕೆ ಸೇರುತ್ತಿರುವ ನೀವು ಕಂಪ್ಯೂಟರಿನಲ್ಲಿ ಮ್ಯಾಪ್ ನೋಡುತ್ತೀರಂತೆ. ನೋಡಿ. ಆದರೆ ಮಳೆಗಾಲದಲ್ಲಿ ಒಂದು ಸಲ ನಡೆದೂ ನೋಡಿ.

ಅರವತ್ತರ ದಶಕದ ನಡುವೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ಮುಂಚಿನ ಶನಿವಾರ ಹೆಸರಘಟ್ಟದ ಬಸ್ಸು ಹತ್ತಿದೆ. ನಾರಾಯಣಪ್ಪನವರು ರಿಟೈರಾಗಿದ್ದರು. ಆ ಸೆಂಟರ್ ಸ್ಕೂಲಿಗೆ, ಆ ಗುಂಪಿನ ಟೀಚರುಗಳಿಗೆಲ್ಲ, ಆಗ ಸಿದ್ದಗಂಗಮ್ಮನೇ ಹೆಡ್. ಆಕೆಯ ಒಂದು ಪಾಠವನ್ನು ಮೊದಲಿನಿಂದ ನೋಡಿ ಹೋಗಬೇಕೆಂದು ನನ್ನ ಆಸೆ. ಕೆರೆಯಾಚೆ ನೋಡಿದ್ದು ಕೂಡ ನಡುವಿನಿಂದಲೇ ಅಲ್ಲವೇ.

ಬಾಗಿಲಲ್ಲೇ ಸಿಕ್ಕಳು. "ಸದ್ದೇ ಇಲ್ದೆ ಬಂದ್ಬಿಟ್ರಲ್ಲ ಮೇಡಂ! ಸೈಕಲ್ ಎಲ್ಲಿ?"

"ಹೊಸ ಇನ್‌ಸ್ಪೆಕ್ಟ್ರೆಸ್‌ಗೆ ಕೊಟ್ಟೆ. ಸ್ಕ್ರೂ ಹಾಕಿಸಬೇಡ ಅಂತ ಹೇಳಿದ್ದೀನಿ."

ನಕ್ಕಳು. ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಕೋಣೆ ತುಂಬ ಟೀಚರುಗಳು, ಬಾಗಿಲ ಬಳಿ ಒಂದು ಮಣ್ಣಿನ ಮಡಕೆಯಲ್ಲಿ ನೀರು, ಲೋಟ. ಬೋರ್ಡು ಕಪ್ಪಗೆ ಒರೆಸಿತ್ತು. ಹತ್ತೂವರೆ ಆಯಿತು, ಹನ್ನೊಂದಾಯಿತು. ಆಕೆ ಕೈಯಲ್ಲಿ ಚಾಕ್‌ಪೀಸ್ ಹಿಡಿದು ಕಿಟಕಿಯ ಹತ್ತಿರ ನಿಂತೇ ಇದ್ದಳು.

ನನ್ನ ಬಸ್ಸು ಹನ್ನೊಂದೂಕಾಲಿಗೆ. ಅದು ತಪ್ಪಿದರೆ ಸಂಜೆಯ ರೈಲೂ ತಪ್ಪುತ್ತದೆ. "ಶುರು ಮಾಡಬಾರದೇನಮ್ಮ? ಒಂದು ಐದು ನಿಮಿಷ ನೋಡಿ ಹೊರಡ್ತೀನಿ" ಎಂದೆ.

ಸಿದ್ದಗಂಗಮ್ಮ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು, "ಇನ್ನೊಬ್ರು ಬರ್ಬೇಕು ಮೇಡಂ. ಕೆರೆಯಾಚೆಗೆ ಹೊಸದಾಗಿ ಬಂದಿರೋ ಹುಡುಗಿ. ನಿಮ್ಮ ರೂಲ್ಸು."

ನಾನು ಎದ್ದೆ. ಆಕೆ ಬಾಗಿಲವರೆಗೆ ಬಂದಳು, ಬಸ್ಸಿನವರೆಗೆ ಬರಲಿಲ್ಲ. ಬರಲೂ ಬಾರದು. ಬಸ್ಸು ಹೊರಟು ಏರಿಯ ಪಕ್ಕ ತಿರುಗುವಾಗ ಎಡಗಡೆ ಕಿಟಕಿಯಲ್ಲಿ ಒಬ್ಬ ಹುಡುಗಿ ಕಂಡಳು. ಚಪ್ಪಲಿ ಕೈಯಲ್ಲಿ, ಸೀರೆಯ ಅಂಚು ಒದ್ದೆ, ಸರಸರ ನಡೆದು ಬರುತ್ತಿದ್ದಳು. ಹಿಂದೆ ತಿರುಗಿ ನೋಡಿದೆ. ಶಾಲೆಯ ಕಿಟಕಿಯಲ್ಲಿ ಸಿದ್ದಗಂಗಮ್ಮ ಇನ್ನೂ ನಿಂತಿದ್ದಳು, ಕಣ್ಣು ಏರಿಯ ಕಡೆ, ಕೈಯಲ್ಲಿ ಚಾಕ್‌ಪೀಸ್. ಆಕೆಯ ಹಿಂದೆ ಬೋರ್ಡಿನ ಮೇಲೆ ಒಂದು ಅಕ್ಷರವೂ ಬಿದ್ದಿರಲಿಲ್ಲ. ಮತ್ತೆ ನಾನು ಆಕೆಯನ್ನು ನೋಡಲಿಲ್ಲ.